ಕೇದಾರದ ಮೇಲಿನ ಎರಡು ಕೆರೆಗಳು

ಕೆರೆ ಎಂದೊಡನೆ ದಾವಣಗೆರೆ ಸೀಮೆಯವರಾದ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರ ಒಂದೇ. ಕೆರೆಗೆ ಏರಿ ಇರಬೇಕು, ಏರಿಯ ಬುಡದಲ್ಲಿ ತೂಬು ಇರಬೇಕು, ಒಂದು ಬದಿಯಲ್ಲಿ ಕೋಡಿ ಇರಬೇಕು, ಕೆಳಗೆ ಗದ್ದೆ ತೋಟಗಳಿರಬೇಕು. ನಮ್ಮ ಊರಿನ ಹೆಸರಿನಲ್ಲಿಯೇ ಕೆರೆ ಸೇರಿಕೊಂಡಿದೆ. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರವನ್ನು, ಅಂದರೆ ಸೂಳೆಕೆರೆಯನ್ನು, ನೋಡದವರು ನಮ್ಮ ಜಿಲ್ಲೆಯಲ್ಲಿ ವಿರಳ. ಎರಡು ಗುಡ್ಡಗಳ ನಡುವಣ ಕಿರಿದಾದ ಕಂಡಿಗೆ ಏರಿ ಹಾಕಿ ಹಿಂದಿನವರು ಅಷ್ಟು ದೊಡ್ಡ ಜಲರಾಶಿಯನ್ನು ನಿಲ್ಲಿಸಿದರು. ನಿಲ್ಲಿಸಿದ್ದು ಮಾತ್ರವಲ್ಲ, ಇಂದು ಅದು ಸಿದ್ಧ ನಾಲೆ, ಬಸವ ನಾಲೆಗಳಲ್ಲಿ ಹೊರಗೆ ಹರಿದು ಊರುಗಳನ್ನು ಸಾಕುತ್ತಿದೆ. ನೀರನ್ನು ಹಿಡಿಯುವುದಕ್ಕಿಂತ ಬಿಡುವುದೇ ದೊಡ್ಡ ವಿದ್ಯೆ ಎಂಬುದನ್ನು ಕೆರೆ ಕಟ್ಟಿದ ನಮ್ಮ ಹಿರಿಯರು ಅರಿತಿದ್ದರು.

ಆದರೆ ಯಾರೂ ಕಟ್ಟದ, ಯಾರೂ ತೋಡದ, ಮರಗಳೂ ಬೆಳೆಯದ ಎತ್ತರದಲ್ಲಿ ಹಿಮ ಕರಗಿ ನಿಂತ ಕೆರೆಗಳೂ ನಮ್ಮ ದೇಶದಲ್ಲಿವೆ. ಕೇದಾರನಾಥ ಕ್ಷೇತ್ರದ ಮೇಲ್ಭಾಗದಲ್ಲಿ ಅಂತಹ ಎರಡು ಕೆರೆಗಳು. ಒಂದರ ಹೆಸರು ಚೋರಾಬಾರಿ. ಅದು ಇಂದು ಬರಿದು. ಇನ್ನೊಂದು ವಾಸುಕಿ ತಾಲ್. ಅದು ಇಂದಿಗೂ ತುಂಬಿ ನಿಂತಿದೆ. 2022ರ ಸೆಪ್ಟೆಂಬರ್ ತಿಂಗಳಿನಲ್ಲಿ ದಾವಣಗೆರೆ ಮತ್ತು ಹರಿಹರಗಳಿಂದ ಏಳು ಜನ ಬೆನ್ನ ಮೇಲೆ ಚೀಲ ಹೊತ್ತು, ಡೇರೆ ಕಟ್ಟಿಕೊಂಡು, ಇವೆರಡನ್ನೂ ನೋಡಲು ಹೊರಟೆವು. ಆ ಅನುಭವವನ್ನು ಓದುಗ ಬಂಧುಗಳ ಮುಂದೆ ಇಡುವುದು ಈ ಬರಹದ ಉದ್ದೇಶ.

ಕೇದಾರವು ನಮ್ಮವರಿಗೆ ದೂರದ ಊರಾದರೂ ಪರಸ್ಥಳವಲ್ಲ. ಪಂಚಪೀಠಗಳಲ್ಲಿ ಒಂದಾದ ಹಿಮವತ್ಕೇದಾರ ಪೀಠವು ಊಖೀಮಠದಲ್ಲಿದೆ. ಚಳಿಗಾಲದಲ್ಲಿ ಕೇದಾರನಾಥನ ಬಾಗಿಲು ಮುಚ್ಚಿದಾಗ ಉತ್ಸವಮೂರ್ತಿಯು ಅಲ್ಲಿಯ ಓಂಕಾರೇಶ್ವರ ದೇಗುಲಕ್ಕೆ ಇಳಿದು ಬರುತ್ತದೆ. ವೀರಶೈವ ಜಂಗಮ ಪರಂಪರೆಗೆ ಸೇರಿದವರೇ ರಾವಲ್ ಪದವಿಯಲ್ಲಿರುವುದು ಬಹು ಹಿಂದಿನಿಂದ ಬಂದ ಸಂಪ್ರದಾಯ. ರಾವಲರು ತಾವೇ ಪೂಜೆಗೆ ಕೂಡುವುದಿಲ್ಲ. ಅವರ ಅಪ್ಪಣೆಯಂತೆ ಅರ್ಚಕರು ಸರದಿಯ ಮೇಲೆ ವರ್ಷಕ್ಕೊಬ್ಬರಂತೆ ಪೂಜೆ ನಡೆಸುತ್ತಾರೆ. 2013ರಲ್ಲಿ ಆ ಸೇವೆಯಲ್ಲಿದ್ದ ವಾಗೀಶ ಲಿಂಗಾಚಾರ್ಯರು ನಮ್ಮ ಹರಿಹರ ತಾಲ್ಲೂಕಿನ ಬಾನುವಳ್ಳಿಯವರು. ತುಂಗಭದ್ರೆಯ ಸೀಮೆಯ ಹಳ್ಳಿಯೊಂದಕ್ಕೂ ಮಂದಾಕಿನಿಯ ದಡದ ಗುಡಿಗೂ ಇರುವ ಈ ನಂಟು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಇಷ್ಟಾದರೂ ಒಂದು ಪ್ರಶ್ನೆ ಮನೆಯಲ್ಲಿಯೇ ಎದ್ದಿತು. ಎದೆಯ ಮೇಲೆ ಇಷ್ಟಲಿಂಗವಿರುವಾಗ ಸಾವಿರಾರು ಮೈಲಿ ಹೋಗಿ ನೋಡುವುದೇನು ಎಂದು ಮನೆಯ ಹಿರಿಯರೊಬ್ಬರು ಕೇಳಿದರು. ಕಲ್ಯಾಣದ ಶರಣರು ದೇವರನ್ನು ಭಕ್ತನ ಕರಸ್ಥಲಕ್ಕೇ ತಂದುಕೊಟ್ಟು, ತೀರ್ಥಕ್ಷೇತ್ರಗಳ ಅಲೆದಾಟವನ್ನು ಬೇಡವೆಂದದ್ದನ್ನು ನಾವೂ ಬಲ್ಲೆವು. ಪುಣ್ಯ ಗಳಿಸಲು ನಾವು ಹೊರಟವರಲ್ಲ ಎಂದಷ್ಟೇ ಅವರಿಗೆ ಹೇಳಿದೆವು. ಹೊರಟ ಕಾರಣ ಬೇರೆಯೇ ಇತ್ತು.

ಹರಿಹರದ ನಮ್ಮ ಬೀಗರ ಅಣ್ಣನವರು 2013ರ ಜೂನ್ ತಿಂಗಳಿನಲ್ಲಿ ಕೇದಾರಯಾತ್ರೆಗೆ ಹೋದವರು ಹಿಂತಿರುಗಲಿಲ್ಲ. ಆ ಜೂನ್ 16 ಮತ್ತು 17ರ ಜಲಪ್ರಳಯದಲ್ಲಿ ಉತ್ತರಾಖಂಡದಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಅವರಲ್ಲಿ ಇವರೂ ಒಬ್ಬರು. ನಮ್ಮ ಧರ್ಮದಲ್ಲಿ ದೇಹವನ್ನು ಸುಡುವುದಿಲ್ಲ. ವಿಭೂತಿಯನ್ನು ಇಟ್ಟು, ಇಷ್ಟಲಿಂಗದೊಡನೆ ಭೂಮಿತಾಯಿಯ ಮಡಿಲಿನಲ್ಲಿ ಕೂಡಿಸುತ್ತೇವೆ. ಸಮಾಧಿಯಾಯಿತೆಂದರೆ ಮನೆಯವರಿಗೆ ಒಂದು ನೆಲೆ ಸಿಕ್ಕಿತೆಂದು ಅರ್ಥ. ಆ ಮನೆಗೆ ಆ ನೆಲೆಯೇ ಇರಲಿಲ್ಲ. ಅವರ ಧರ್ಮಪತ್ನಿಯವರು ನಮ್ಮ ಸೊಸೆಗೆ ದೊಡ್ಡಮ್ಮ; ನಾವೂ ಅವರನ್ನು ದೊಡ್ಡಮ್ಮನೆಂದೇ ಕರೆಯುತ್ತೇವೆ. ಒಂಬತ್ತು ವರ್ಷ ಅವರು ಏನನ್ನೂ ಬೇಡಿದವರಲ್ಲ. ಒಮ್ಮೆ ಮಾತ್ರ, ಹರಿಹರೇಶ್ವರನ ಗುಡಿಯ ಹಿಂದೆ ತುಂಬಿ ಹರಿಯುವ ಹೊಳೆಯನ್ನು ನೋಡುತ್ತ, "ಅದು ಯಾವ ಕೆರೆಯ ನೀರು ಎಂಬುದನ್ನು ನಾನು ನೋಡಬೇಕು" ಎಂದರು. ನಮ್ಮ ಚಾರಣಕ್ಕೆ ನಾಂದಿಯಾದದ್ದು ಆ ಒಂದು ಮಾತು.

ಹೊರಡುವ ಮೂರು ತಿಂಗಳು ಮೊದಲೇ ಸಿದ್ಧತೆ ಆರಂಭವಾಯಿತು. ನಾವು ದಾವಣಗೆರೆಯವರು ಪ್ರತಿದಿನ ಬೆಳಗಿನ ಜಾವ ಕುಂದವಾಡ ಕೆರೆಯ ಏರಿಯ ಮೇಲೆ ನಡೆದೆವು. ಮೊದಲು ಬರಿಗೈಯಲ್ಲಿ, ಆಮೇಲೆ ಬೆನ್ನಿನ ಚೀಲದಲ್ಲಿ ಐದು ಕಿಲೋ ಅಕ್ಕಿ ಇಟ್ಟುಕೊಂಡು, ಕೊನೆಗೆ ಎಂಟು ಕಿಲೋ. ವೈದ್ಯರಿಂದ ಎಲ್ಲರೂ ಹೃದಯ ಮತ್ತು ರಕ್ತದೊತ್ತಡದ ಪರೀಕ್ಷೆ ಮಾಡಿಸಿಕೊಂಡೆವು. ಬುತ್ತಿಯ ವಿಷಯದಲ್ಲಿ ನಮ್ಮ ನಾಡಿನ ಅಡುಗೆಯೇ ಕೈಹಿಡಿಯಿತು. ಒಣಗಿಸಿದ ಜೋಳದ ಕಟಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಅವಲಕ್ಕಿ, ಬೆಲ್ಲ, ಇವುಗಳ ಜೊತೆಗೆ ದಾವಣಗೆರೆಯ ಖಾರ ಮಂಡಕ್ಕಿ. ತೂಕವಿಲ್ಲ, ಕೆಡುವುದಿಲ್ಲ, ಬೇಯಿಸಬೇಕಾಗಿಲ್ಲ. ಬೆಟ್ಟ ಹತ್ತುವವನಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ಯಾವುದು?

ರೈಲಿನಲ್ಲಿ ದೆಹಲಿ, ಅಲ್ಲಿಂದ ಹರಿದ್ವಾರ, ಋಷಿಕೇಶ. ಮುಂದಿನ ದಾರಿಯೆಲ್ಲ ನದಿಯ ಬದಿಯಲ್ಲಿಯೇ. ದೇವಪ್ರಯಾಗದಲ್ಲಿ ಭಾಗೀರಥಿಯೂ ಅಲಕನಂದೆಯೂ ಕೂಡಿ ಗಂಗೆಯೆಂಬ ಹೆಸರು ಪಡೆಯುವುದನ್ನು ಕಂಡಾಗ ತುಂಗೆಯೂ ಭದ್ರೆಯೂ ಕೂಡುವ ನಮ್ಮ ಕೂಡಲಿಯ ನೆನಪಾಯಿತು. ಅದು ಪಿತೃಪಕ್ಷದ ಕಾಲ. ಸಂಗಮದ ಮೆಟ್ಟಿಲುಗಳ ಮೇಲೆ ಜನ ಪಿಂಡಪ್ರದಾನ ಮಾಡುತ್ತಿದ್ದರು. ದೊಡ್ಡಮ್ಮ ಸ್ವಲ್ಪ ಹೊತ್ತು ನಿಂತು ನೋಡಿ, ಏನನ್ನೂ ಹೇಳದೆ ವಾಹನವೇರಿದರು. ರುದ್ರಪ್ರಯಾಗದಿಂದ ಮಂದಾಕಿನಿಯ ಕಣಿವೆ ಹಿಡಿದು ಊಖೀಮಠಕ್ಕೆ ಬಂದೆವು. ಪೀಠದ ಆವರಣದಲ್ಲಿ ಕನ್ನಡದ ಮಾತು ಕಿವಿಗೆ ಬಿದ್ದಾಗ ಆದ ಸಮಾಧಾನವನ್ನು ಬರೆದು ತಿಳಿಸುವುದು ಕಷ್ಟ.

ಸೋನಪ್ರಯಾಗದಲ್ಲಿ ನಮ್ಮ ಮಾರ್ಗದರ್ಶಕನು ಒಂದು ಸಂಗತಿ ತೋರಿಸಿದ. ಅಲ್ಲಿ ಮಂದಾಕಿನಿಯನ್ನು ಸೇರುವ ಇನ್ನೊಂದು ಹೊಳೆ ವಾಸುಕಿ ಗಂಗೆ. ನಾವು ನೋಡಲು ಹೊರಟ ವಾಸುಕಿ ತಾಲ್‌ನ ನೀರೇ ಅದು. ಆ ಕೆರೆಗೆ ಕೋಡಿಯಿದೆ ಎಂದು ನಮ್ಮ ಬೀಗರು ಅಂದರು. ಆ ಮಾತಿನ ತೂಕ ನಮಗೆ ತಿಳಿದದ್ದು ಮೇಲೆ ಹೋದ ಮೇಲೆ.

ಗೌರೀಕುಂಡದಿಂದ ಕೇದಾರಕ್ಕೆ ಸುಮಾರು 16 ಕಿ.ಮೀ. ಕಾಲುದಾರಿ. ಸುಮಾರು 2,000 ಮೀಟರ್ ಎತ್ತರದಿಂದ 3,583 ಮೀಟರ್ ಎತ್ತರಕ್ಕೆ ಏರಬೇಕು. 2013ಕ್ಕೆ ಮೊದಲು ನಡುದಾರಿಯಲ್ಲಿ ರಾಂಬಾಡಾ ಎಂಬ ತಂಗುದಾಣವಿತ್ತು. ಪ್ರವಾಹದಲ್ಲಿ ಅದು ಗುರುತೇ ಸಿಗದಂತೆ ಕೊಚ್ಚಿಹೋಯಿತು. ಈಗಿನ ದಾರಿ ಅಲ್ಲಿ ನದಿಯನ್ನು ದಾಟಿ ಎದುರು ದಡದಲ್ಲಿ ಲಿಂಚೋಲಿಯ ಮೂಲಕ ಮೇಲೇರುತ್ತದೆ. ಬೀಗರ ಅಣ್ಣನವರು ಮನೆಗೆ ಕೊನೆಯ ಸಲ ದೂರವಾಣಿಯಲ್ಲಿ ಮಾತನಾಡಿದ್ದು ರಾಂಬಾಡಾದಿಂದ. ಸೇತುವೆಯ ಮೇಲೆ ದೊಡ್ಡಮ್ಮನ ಮಗ ನಿಂತುಬಿಟ್ಟ. ಅಂದು ಹದಿನಾಲ್ಕರ ಬಾಲಕ, ಈಗ ಇಪ್ಪತ್ಮೂರರ ಯುವಕ. ಕೆಳಗೆ ಬಂಡೆಗಳ ರಾಶಿ ಬಿಟ್ಟರೆ ಬೇರೇನೂ ಇರಲಿಲ್ಲ.

ಎತ್ತರದ ಗಾಳಿಗೆ ಮೈ ಒಗ್ಗಲೆಂದು ಕೇದಾರದಲ್ಲಿ ಎರಡು ರಾತ್ರಿ ತಂಗಿದೆವು. ದೇಗುಲದ ಹಿಂದೆ ಆ ಪ್ರಸಿದ್ಧ ಬಂಡೆಯಿದೆ. ಪ್ರವಾಹದೊಡನೆ ಉರುಳಿ ಬಂದು ಗುಡಿಯ ಬೆನ್ನಿಗೆ ನಿಂತು, ನೀರನ್ನು ಎರಡು ಕಡೆಗೆ ಸೀಳಿದ ಆ ಕಲ್ಲನ್ನು ಜನ ಭೀಮಶಿಲೆ ಎನ್ನುತ್ತಾರೆ. ಕೊಚ್ಚಿಹೋಗಿದ್ದ ಶಂಕರಾಚಾರ್ಯರ ಸಮಾಧಿಯ ಸ್ಥಳದಲ್ಲಿ 2021ರ ನವೆಂಬರ್‌ನಲ್ಲಿ ಸ್ಥಾಪನೆಯಾದ ಹನ್ನೆರಡು ಅಡಿಯ ವಿಗ್ರಹವನ್ನು ಕಂಡೆವು. ಅದನ್ನು ಕೆತ್ತಿದವರು ಮೈಸೂರಿನ ಶಿಲ್ಪಿ ಅರುಣ್ ಯೋಗಿರಾಜ್.

ಮರುದಿನ ಬೆಳಿಗ್ಗೆ ಚೋರಾಬಾರಿಯ ಕಡೆಗೆ ನಡೆದೆವು. ದೇಗುಲಕ್ಕಿಂತ ಸುಮಾರು ಎರಡು ಕಿ.ಮೀ. ಮೇಲೆ, 3,900 ಮೀಟರ್ ಎತ್ತರದಲ್ಲಿ ಆ ಕೆರೆಯಿತ್ತು. 1948ರಲ್ಲಿ ಮಹಾತ್ಮರ ಚಿತಾಭಸ್ಮದ ಒಂದು ಭಾಗವನ್ನು ಅಲ್ಲಿ ವಿಸರ್ಜಿಸಿದ್ದರಿಂದ ಅದಕ್ಕೆ ಗಾಂಧಿ ಸರೋವರ ಎಂಬ ಹೆಸರೂ ಬಂದಿತ್ತು. ಹಿಮನದಿ ಎಂದರೆ ನಿಧಾನವಾಗಿ ಜಾರುವ ಮಂಜುಗಡ್ಡೆಯ ರಾಶಿ. ಅದು ಜಾರುವಾಗ ತನ್ನ ಅಂಚಿಗೆ ಕಲ್ಲು, ಮಣ್ಣು, ಮರಳನ್ನು ದಿಣ್ಣೆಯಂತೆ ಒತ್ತರಿಸಿ ಹೋಗುತ್ತದೆ. ಚೋರಾಬಾರಿಯ ಏರಿ ಅಂತಹ ದಿಣ್ಣೆ. ಅದನ್ನು ಯಾರೂ ಧಮ್ಮಸು ಹೊಡೆದಿರಲಿಲ್ಲ, ಕಲ್ಲು ಕಟ್ಟಿರಲಿಲ್ಲ. ಕೆರೆಯ ಉದ್ದ ಸುಮಾರು 400 ಮೀಟರ್, ಅಗಲ 200 ಮೀಟರ್, ಆಳ 15ರಿಂದ 20 ಮೀಟರ್ ಎಂದು ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ದಾಖಲಿಸಿದ್ದಾರೆ. ಮುಖ್ಯವಾದ ಸಂಗತಿಯೆಂದರೆ ಅದಕ್ಕೆ ಹೊರಹರಿವು ಇರಲಿಲ್ಲ. ನೀರು ಕಲ್ಲಿನ ಸಂದುಗಳಲ್ಲಿ ಜಿನುಗಿ ಹೋಗಬೇಕಾಗಿತ್ತು, ಅಷ್ಟೆ.

2013ರ ಜೂನ್ 15ರ ಸಂಜೆಯಿಂದ 16ರ ಸಂಜೆಯವರೆಗಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಆ ಸಂಸ್ಥೆಯ ಮಾಪಕವು ಅಲ್ಲಿ 325 ಮಿಲಿಮೀಟರ್ ಮಳೆಯನ್ನು ಅಳೆಯಿತು. ಮೇಲಿನ ಇಳಿಜಾರಿನ ಹಿಮವೂ ಮಳೆಗೆ ಕರಗಿ ಕೆರೆಗೆ ಬಂತು. 16ರ ಸಂಜೆ ಒಂದು ಪ್ರವಾಹ ಬಂದುಹೋಯಿತು. 17ರ ಬೆಳಿಗ್ಗೆ ಸುಮಾರು 6-45ಕ್ಕೆ ಏರಿ ಒಡೆಯಿತು. ಐದು ಹತ್ತು ನಿಮಿಷಗಳಲ್ಲಿ ಕೆರೆ ಪೂರ್ತಿ ಬರಿದಾಯಿತು. ನಮ್ಮ ರೈತರಿಗೆ ಇದನ್ನು ವಿವರಿಸಲು ದೊಡ್ಡ ಶಾಸ್ತ್ರ ಬೇಕಾಗಿಲ್ಲ. ಕೋಡಿಯಿಲ್ಲದ ಕೆರೆಗೆ ಹೆಮ್ಮಳೆ ಬಂದರೆ ಏನಾಗುತ್ತದೆಯೋ ಅದೇ ಆಯಿತು.

ನಾವು ಕಂಡದ್ದು ಬೂದು ಬಣ್ಣದ ಒಣ ತಳ, ಒಂದು ಬದಿಯಲ್ಲಿ ಬಾಯ್ದೆರೆದ ಬಿರುಕು, ಅದರಾಚೆ ಬಹಳ ಕೆಳಗೆ ಆಟಿಕೆಯಂತೆ ಕಾಣುವ ಗುಡಿ. ಗಾಳಿಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ದೊಡ್ಡಮ್ಮ ಒಂದು ಕಲ್ಲಿನ ಮೇಲೆ ಕುಳಿತು ಬಹಳ ಹೊತ್ತು ಆ ಬಿರುಕನ್ನೇ ನೋಡಿದರು. ಅನಂತರ ಸೆರಗಿನ ಗಂಟಿನಿಂದ ವಿಭೂತಿ ತೆಗೆದು ಆ ಕಲ್ಲಿಗೆ ಮೂರು ಬೆರಳಿನಿಂದ ಎಳೆದರು. "ಕೊರಳಿನಲ್ಲಿ ಲಿಂಗವಿತ್ತು, ಹಣೆಯಲ್ಲಿ ವಿಭೂತಿಯಿತ್ತು, ಮೇಲೆ ಮಣ್ಣು ಬಿತ್ತು. ಸಮಾಧಿ ಆಗಲಿಲ್ಲವೆಂದು ಇನ್ನು ನಾನು ಹೇಳುವುದಿಲ್ಲ" ಎಂದರು. ಒಂಬತ್ತು ವರ್ಷಗಳಲ್ಲಿ ಅವರು ಅತ್ತದ್ದನ್ನು ಮನೆಯವರು ನೋಡಿರಲಿಲ್ಲವಂತೆ. ಅಂದು ಅತ್ತರು. ನಾವು ಯಾರೂ ಸಮಾಧಾನ ಹೇಳಲು ಹೋಗಲಿಲ್ಲ. ತುಂಬಿದ್ದಕ್ಕೆ ಹೊರಗೆ ಹೋಗುವ ದಾರಿ ಸಿಕ್ಕಿತೆಂದು ಸುಮ್ಮನಿದ್ದೆವು.

ಆಕೆಯ ಸಂಕಲ್ಪ ಅಲ್ಲಿಗೇ ತೀರಿತ್ತು. ಆದರೆ ತುಂಬಿದ ಕೆರೆಯನ್ನೂ ನೋಡಿಯೇ ಹೋಗೋಣವೆಂದು ಹೇಳಿದವರೂ ಆಕೆಯೇ.

ವಾಸುಕಿ ತಾಲ್ ಕೇದಾರದಿಂದ ಸುಮಾರು 8 ಕಿ.ಮೀ. ದೂರ, ಎತ್ತರ 4,135 ಮೀಟರ್. 1972ರಲ್ಲಿ ಘೋಷಿತವಾದ ಕೇದಾರನಾಥ ವನ್ಯಧಾಮದ ಪ್ರದೇಶವಾದ್ದರಿಂದ ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೊರಟೆವು. ಜೊತೆಯಲ್ಲಿ ಮಾರ್ಗದರ್ಶಕ, ಆತನ ಇಬ್ಬರು ಸಹಾಯಕರು, ಮೂರು ಡೇರೆ. ಆರಂಭದಿಂದಲೇ ಕಡಿದಾದ ಏರು. ಮರಗಳಿಲ್ಲ, ಕುರುಚಲು ಹುಲ್ಲು, ಅದರ ಮೇಲೆ ಕಲ್ಲು. ಆ ಎತ್ತರದಲ್ಲಿ ಒಂದು ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದೊರೆಯುವುದರ ಐದರಲ್ಲಿ ಮೂರು ಪಾಲು ಮಾತ್ರ. ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತಿರುಗಿಸಿಕೊಳ್ಳುತ್ತ ಹತ್ತಿದೆವು. ಬಿಗಿಯಾಗಿ ಕಟ್ಟಿದ್ದ ಮಂಡಕ್ಕಿಯ ಪೊಟ್ಟಣಗಳು ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗಿ ಬಲೂನಿನಂತೆ ಉಬ್ಬಿದ್ದವು. ಅದನ್ನು ಕಂಡು ಮಕ್ಕಳು ನಕ್ಕರು.

ದಾರಿಯಲ್ಲಿ ಬಂಡೆಗಳ ಮರೆಯಲ್ಲಿ ಬ್ರಹ್ಮಕಮಲ ಕಂಡಿತು. ಹೂವಿನ ಕಾಲ ಮುಗಿಯುತ್ತ ಬಂದಿದ್ದರಿಂದ ಕೆಲವು ಬಾಡಿದ್ದವು. ನಮ್ಮ ಮನೆಗಳ ಕುಂಡದಲ್ಲಿ ರಾತ್ರಿ ಅರಳಿದಾಗ ನೆರೆಹೊರೆಯವರನ್ನು ಕರೆದು ತೋರಿಸುವ ಬ್ರಹ್ಮಕಮಲ ಇದಲ್ಲ; ಅದು ಮೆಕ್ಸಿಕೋ ಕಡೆಯಿಂದ ಬಂದ ಕಳ್ಳಿಯ ಜಾತಿಯದು. ಹಿಮಾಲಯದ ಈ ಹೂವು ತೆಳ್ಳನೆಯ ಹಳದಿ ಮಿಶ್ರಿತ ಬಿಳಿ ಎಸಳುಗಳ ಒಳಗೆ ನೇರಳೆ ಬಣ್ಣದ ಮೊಗ್ಗುಗಳನ್ನು ಚಳಿಯಿಂದ ಕಾಪಾಡುವಂತೆ ಮುಚ್ಚಿಕೊಂಡಿರುತ್ತದೆ. ಸೊಸೆ ಕೈ ಚಾಚಿದವಳು ತಾನಾಗಿಯೇ ಹಿಂದೆ ತೆಗೆದುಕೊಂಡಳು.

ಕೆರೆಯನ್ನು ಮುಟ್ಟುವ ಮೊದಲು ಕೆರೆಗಿಂತಲೂ ಎತ್ತರದ ಒಂದು ಏಣನ್ನು ದಾಟಬೇಕು. ಅದರ ಹತ್ತಿರ ಬಂದಾಗ ಅರವತ್ತೆರಡು ವಯಸ್ಸಿನ ನಮ್ಮ ಬೀಗರು ತಲೆನೋವೆಂದು ಕುಳಿತರು. ಎರಡು ಬಾರಿ ವಾಂತಿಯಾಯಿತು. ಎದ್ದು ನಡೆಯಹೋದರೆ ಹೆಜ್ಜೆ ಓಲಾಡಿತು. ಮಾರ್ಗದರ್ಶಕನು ಅವರ ಕಣ್ಣು ನೋಡಿ, ನೇರ ಗೆರೆಯ ಮೇಲೆ ನಡೆಸಿ ನೋಡಿ, ಕೂಡಲೇ ಕೆಳಗಿಳಿಯಬೇಕೆಂದ. ಎತ್ತರದ ಈ ಬೇನೆಗೆ ಇಳಿಯುವುದೇ ಮೊದಲ ಔಷಧ; ತಡಮಾಡಿದರೆ ಮಿದುಳಿಗೂ ಪುಪ್ಪುಸಕ್ಕೂ ನೀರು ತುಂಬಿ ಪ್ರಾಣಕ್ಕೆ ಎರವಾದೀತು. ಬೀಗರು ಒಪ್ಪಲಿಲ್ಲ. ಇನ್ನೊಂದು ಗಂಟೆಯ ದಾರಿ, ಕೆರೆಯ ಬಳಿ ಮಲಗಿದರೆ ಸರಿಹೋಗುತ್ತದೆ, ಅಣ್ಣನಿಗಾಗಿ ಬಂದವನು ಅರ್ಧದಲ್ಲಿ ತಿರುಗಲಾರೆ ಎಂದರು. ನಮ್ಮಲ್ಲಿ ಯಾರ ಮಾತೂ ನಡೆಯಲಿಲ್ಲ. ಬಿಸಿಲು ಇಳಿಮುಖವಾಗುತ್ತಿತ್ತು.

ಆಗ ದೊಡ್ಡಮ್ಮ ಅವರ ಮುಂದೆ ಬಂದು ನಿಂತು, "ಅಂದು ನಿಮ್ಮಣ್ಣನಿಗೆ ಇಳಿಯಿರಿ ಎಂದು ಹೇಳಲು ಯಾರೂ ಇರಲಿಲ್ಲ. ನಿಮಗೆ ನಾನಿದ್ದೇನೆ. ಇಳಿಯಿರಿ" ಎಂದರು. ಬೀಗರು ತಲೆ ತಗ್ಗಿಸಿದರು. "ಚಿಕ್ಕಪ್ಪನ ಜೊತೆ ನಾನು ಹೋಗುತ್ತೇನೆ" ಎಂದು ದೊಡ್ಡಮ್ಮನ ಮಗ ಆಗಲೇ ಚೀಲ ಹೆಗಲಿಗೇರಿಸಿದ್ದ. ಕೆರೆಯನ್ನು ನೋಡಬೇಕೆಂಬ ಆಸೆ ನಮ್ಮೆಲ್ಲರಿಗಿಂತ ಅವನಿಗೆ ಹೆಚ್ಚಾಗಿತ್ತು; ಆದರೂ ಆ ಏಣಿನ ಕಡೆಗೆ ಒಮ್ಮೆಯೂ ತಿರುಗಿ ನೋಡಲಿಲ್ಲ. ಒಬ್ಬ ಸಹಾಯಕನೊಡನೆ ಇಬ್ಬರೂ ಇಳಿದರು. ಕತ್ತಲಾಗುವ ಮೊದಲು ಕೇದಾರ ಸೇರಿ, ಅಲ್ಲಿ ಆಮ್ಲಜನಕ ಪಡೆದು, ಮರುದಿನ ಬೆಳಿಗ್ಗೆ ಬೀಗರು ಎದ್ದು ಗಂಜಿ ಕುಡಿದರೆಂಬುದು ನಮಗೆ ಆಮೇಲೆ ತಿಳಿಯಿತು.

ಉಳಿದ ಐವರು ಏಣನ್ನು ದಾಟಿ ಕೆರೆಗೆ ಇಳಿದೆವು. ಸುತ್ತಲೂ ಬೋಳು ಬಂಡೆಗಳ ಬಟ್ಟಲು, ಅದರಲ್ಲಿ ಕಡುನೀಲಿಯ ನೀರು. ಒಂದು ಬದಿಯಿಂದ ನೀರು ಸದ್ದಿಲ್ಲದೆ ಹೊರಟು ಕಲ್ಲುಗಳ ನಡುವೆ ಇಳಿದುಹೋಗುತ್ತಿತ್ತು. ದೊಡ್ಡಮ್ಮ ಮೊದಲು ನೋಡಿದ್ದು ಅದನ್ನೇ. ನೀರಿನಿಂದ ದೂರದಲ್ಲಿ ಸಮನಾದ ಜಾಗ ನೋಡಿ ಡೇರೆ ಕಟ್ಟಿದೆವು. ಆ ಎತ್ತರದಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಅನ್ನ ಬೇಯುವುದು ಕಷ್ಟ. ಪುಟ್ಟ ಕುಕ್ಕರ್ ಒಯ್ದದ್ದು ಅನುಕೂಲವಾಯಿತು. ಅನ್ನಕ್ಕೆ ಚಟ್ನಿಪುಡಿ, ತುಪ್ಪ. ಮಾತು ಹೆಚ್ಚಿರಲಿಲ್ಲ. ರಾತ್ರಿ ಡೇರೆಯ ಬಟ್ಟೆಯ ಒಳಗಡೆ ನಮ್ಮ ಉಸಿರೇ ಮಂಜುಗಟ್ಟಿತು. ನಿದ್ದೆ ಅರ್ಧಂಬರ್ಧ. ನಡುರಾತ್ರಿ ಹೊರಗೆ ಬಂದರೆ ಆಕಾಶದಲ್ಲಿದ್ದಷ್ಟೇ ನಕ್ಷತ್ರಗಳು ಕೆರೆಯಲ್ಲಿಯೂ ಇದ್ದವು. ಕೆಳಗಿಳಿದ ಇಬ್ಬರ ಚಿಂತೆಯಲ್ಲಿ ಆ ಸೊಬಗನ್ನು ಪೂರ್ತಿ ಅನುಭವಿಸಲಾಗಲಿಲ್ಲ.

ಬೆಳಗಾಗುವ ಮುನ್ನ ಎದ್ದು, ಕೆರೆಯಿಂದ ಒಂದು ಗಿಂಡಿ ನೀರು ತಂದು, ಡೇರೆಯ ಬಾಗಿಲಿನಲ್ಲಿ ಕುಳಿತು ಪೂಜೆ ಮಾಡಿಕೊಂಡೆವು. ಬೆರಳುಗಳು ಮರಗಟ್ಟಿದ್ದವು. ಅಂಗೈಯಲ್ಲಿ ಇಷ್ಟಲಿಂಗ, ಎದುರಿನಲ್ಲಿ 7,138 ಮೀಟರ್ ಎತ್ತರದ ಚೌಖಂಬಾ ಶಿಖರದ ಮೇಲೆ ಮೊದಲ ಬಿಸಿಲು. ಗುಡಿಯಿಲ್ಲದ, ಅರ್ಚಕರಿಲ್ಲದ, ಪತ್ರೆಯ ಗಿಡವೂ ಬೆಳೆಯದ ಜಾಗದಲ್ಲಿ ನಮ್ಮ ನಿತ್ಯಪೂಜೆಗೆ ಯಾವ ಕೊರತೆಯೂ ಆಗಲಿಲ್ಲ. ಮನೆಯ ಹಿರಿಯರು ಕೇಳಿದ ಪ್ರಶ್ನೆಗೆ ಅಲ್ಲಿ ಉತ್ತರ ದೊರೆಯಿತು. ದೇವರನ್ನು ಹುಡುಕಿ ಅಷ್ಟು ದೂರ ಹೋಗಬೇಕಾಗಿಲ್ಲ ಎಂಬುದು ನಿಜ. ಎಷ್ಟು ದೂರ ಹೋದರೂ ದೇವರು ಜೊತೆಯಲ್ಲಿರುತ್ತಾನೆ ಎಂಬುದೂ ಅಷ್ಟೇ ನಿಜ. ಪತ್ರೆಗಳನ್ನೂ ಕಸವನ್ನೂ ಚೀಲಕ್ಕೆ ತುಂಬಿಕೊಂಡು, ಡೇರೆಯ ಗೂಟದ ಕುಳಿಗಳನ್ನು ಮುಚ್ಚಿ, ಎಂಟು ಗಂಟೆಗೆ ಹೊರಟೆವು.

ಹೋಗಬಯಸುವ ಬಂಧುಗಳಿಗೆ ಎರಡು ಮಾತು. ಮೂರು ಸಾವಿರ ಮೀಟರಿಗಿಂತ ಮೇಲೆ ಅವಸರ ಬೇಡ. ಮಲಗುವ ಎತ್ತರವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚಿಸಬಾರದೆಂದು ವೈದ್ಯರು ಹೇಳುತ್ತಾರೆ. ತಲೆನೋವನ್ನು ಮುಚ್ಚಿಡಬಾರದು. ಸ್ಥಳದ ಮಾರ್ಗದರ್ಶಕ ಇಳಿಯೆಂದಾಗ ವಯಸ್ಸು, ಹಣ, ಹರಕೆ ಯಾವುದನ್ನೂ ಅಡ್ಡ ತರಬಾರದು. ಮಳೆಗಾಲದಲ್ಲಿ ಆ ಕಣಿವೆಗೆ ಕಾಲಿಡದಿರುವುದು ಮೇಲು. 2024ರ ಜುಲೈ 31ರ ರಾತ್ರಿಯ ಮಳೆಗೆ ಭೀಮಬಲಿ, ಲಿಂಚೋಲಿಗಳ ಬಳಿ ಅದೇ ಕಾಲುದಾರಿ ಮತ್ತೆ ಕೊಚ್ಚಿಹೋಗಿ, ಸಾವಿರಾರು ಯಾತ್ರಿಕರನ್ನು ಪಾರುಮಾಡಿ ಕರೆತರಬೇಕಾಯಿತು.

ಆ ವರ್ಷದ ಸೆಪ್ಟೆಂಬರ್‌ನಲ್ಲಿ ವಾಸುಕಿ ತಾಲ್‌ಗೆ ಹೋಗಬೇಕೆಂದು ದೊಡ್ಡಮ್ಮನ ಮಗ ಎಲ್ಲ ಸಿದ್ಧತೆ ಮಾಡಿಕೊಂಡಿದ್ದ. ದಾರಿಯ ಸುದ್ದಿ ಕೇಳಿ ತಾನೇ ಪ್ರಯಾಣವನ್ನು ಮುಂದಕ್ಕೆ ಹಾಕಿದ. ಬೇಸರವಾಯಿತೇ ಎಂದು ನಾವು ಕೇಳಿದಾಗ, ಅಪ್ಪನ ನೆಲೆಯನ್ನು ನೋಡಿ ಆಯಿತು, ಕೆರೆಯನ್ನು ಇನ್ನೊಮ್ಮೆ ನೋಡಿದರಾಯಿತು ಎಂದ. ಒಳಗೆ ತಾಯಿ ಅವನಿಗೆಂದೇ ಕಟಿ ರೊಟ್ಟಿ ತಟ್ಟುತ್ತಿದ್ದರು. ಒಣಗಿಸಿಟ್ಟರೆ ಬಹಳ ದಿನ ಇರುತ್ತವೆ.